ಮೀಡಿಯವಿಕಿಯ ಕನಿಷ್ಠ ಪಿಎಚ್‌ಪಿ ಆವೃತ್ತಿ

ಮೀಡಿಯವಿಕಿಯ ಕನಿಷ್ಠ ಪಿಎಚ್‌ಪಿ ಆವೃತ್ತಿ ಎಂದರೆ ಮೀಡಿಯವಿಕಿ ಎಂಬ ಮುಕ್ತ ತಂತ್ರಾಂಶವನ್ನು ನಡೆಸಲು ಸರ್ವರ್‌ನಲ್ಲಿ ಇರಲೇಬೇಕಾದ ಪಿಎಚ್‌ಪಿ ಪ್ರೋಗ್ರಾಮಿಂಗ್ ಭಾಷೆಯ ಅತ್ಯಂತ ಹಳೆಯ ಆವೃತ್ತಿ. ಅದಕ್ಕಿಂತ ಹಳೆಯ ಪಿಎಚ್‌ಪಿ ಇರುವ ಸರ್ವರ್‌ನಲ್ಲಿ ತಂತ್ರಾಂಶವು ಕೆಲಸ ಮಾಡುವುದಿಲ್ಲ. ಕನ್ನಡ ವಿಕಿಪೀಡಿಯ, ಕನ್ನಡ ವಿಕಿಸೋರ್ಸ್, ಕನ್ನಡ ವಿಕ್ಷನರಿ ಹಾಗೂ 2016ರ ಆಗಸ್ಟ್‌ನಲ್ಲಿ ಆರಂಭವಾದ ತುಳು ವಿಕಿಪೀಡಿಯ, ಇವೆಲ್ಲವೂ ಮೀಡಿಯವಿಕಿಯ ಮೇಲೆಯೇ ನಡೆಯುತ್ತಿರುವುದರಿಂದ ಈ ಮಿತಿಯು ಕನ್ನಡ ಓದುಗರಿಗೂ ಸಂಬಂಧಿಸಿದ್ದಾಗಿದೆ. 2006ರಲ್ಲಿ ಪಿಎಚ್‌ಪಿ 5 ಕಡ್ಡಾಯವಾದಾಗಿನಿಂದ 2024ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ ಮೀಡಿಯವಿಕಿ 1.43ರಲ್ಲಿ ಪಿಎಚ್‌ಪಿ 8.1 ಕಡ್ಡಾಯವಾಗುವವರೆಗೆ ಈ ಮಿತಿಯನ್ನು ಹಲವು ಬಾರಿ ಏರಿಸಲಾಗಿದೆ. ಪ್ರತಿ ಏರಿಕೆಯ ಹಿಂದೆಯೂ ಒಂದೇ ಪ್ರಶ್ನೆ ಇದೆ: ಹಳೆಯದನ್ನು ಸಾಕುವ ಹೊರೆ ತಂತ್ರಾಂಶವನ್ನು ಬರೆಯುವ ಸ್ವಯಂಸೇವಕರ ಮೇಲಿರಬೇಕೆ, ಅಥವಾ ಅದನ್ನು ಬಳಸುವ ಸಣ್ಣ ತಾಣಗಳ ಮೇಲಿರಬೇಕೆ?

ಪರಿಕಲ್ಪನೆ

ಪ್ರೋಗ್ರಾಮಿಂಗ್ ಭಾಷೆಗಳೂ ಆಡುಭಾಷೆಗಳಂತೆ ಕಾಲಕ್ರಮದಲ್ಲಿ ಬದಲಾಗುತ್ತವೆ. ವ್ಯತ್ಯಾಸವೆಂದರೆ ಇಲ್ಲಿನ ಬದಲಾವಣೆಗೆ ದಿನಾಂಕ ಮತ್ತು ಸಂಖ್ಯೆ ಇರುತ್ತದೆ. ಹೊಸ ಆವೃತ್ತಿಯಲ್ಲಿ ಹೊಸ ವ್ಯಾಕರಣ ಸೇರುತ್ತದೆ, ಕೆಲವು ಹಳೆಯ ರೂಪಗಳು ಬಳಕೆ ತಪ್ಪುತ್ತವೆ. ಹೊಸ ವ್ಯಾಕರಣದಲ್ಲಿ ಬರೆದ ಒಂದೇ ಒಂದು ಸಾಲು ಇದ್ದರೂ ಹಳೆಯ ಆವೃತ್ತಿಯು ಆ ಕಡತವನ್ನು ಓದಲಾರದೆ ನಿಂತುಬಿಡುತ್ತದೆ. ಮನುಷ್ಯ ಓದುಗನು ಅರಿಯದ ಪದವನ್ನು ಸಂದರ್ಭದಿಂದ ಊಹಿಸಿ ಮುಂದೆ ಹೋಗಬಲ್ಲ, ಯಂತ್ರಕ್ಕೆ ಆ ಸೌಲಭ್ಯವಿಲ್ಲ.

ಆದ್ದರಿಂದ ಬಹುಜನರು ಬಳಸುವ ಚೌಕಟ್ಟೊಂದನ್ನು ಬರೆಯುವವರು ತಾವು ಯಾವ ಆವೃತ್ತಿಯವರೆಗಿನ ವ್ಯಾಕರಣವನ್ನು ಬಳಸುತ್ತೇವೆಂದು ಮೊದಲೇ ಗೊತ್ತುಪಡಿಸಬೇಕಾಗುತ್ತದೆ. ಆ ಗೆರೆಯೇ ಕನಿಷ್ಠ ಆವೃತ್ತಿ. ಗೆರೆಯನ್ನು ಕೆಳಗೆ ಇಟ್ಟಷ್ಟೂ ಹೆಚ್ಚು ಸರ್ವರ್‌ಗಳಲ್ಲಿ ತಂತ್ರಾಂಶ ನಡೆಯುತ್ತದೆ, ಆದರೆ ಬರೆಯುವವರು ಹತ್ತು ವರ್ಷ ಹಿಂದಿನ ಶೈಲಿಯಲ್ಲೇ ಬರೆಯುತ್ತಿರಬೇಕು. ಪ್ರತಿ ತಿದ್ದುಪಡಿಯನ್ನೂ ಹಳೆಯ, ಹೊಸ ಆವೃತ್ತಿಗಳೆಲ್ಲದರ ಮೇಲೆ ಪರೀಕ್ಷಿಸಬೇಕು. ಗೆರೆಯನ್ನು ಮೇಲಕ್ಕೆ ಒಯ್ದರೆ ಈ ಶ್ರಮ ಕಡಿಮೆಯಾಗುತ್ತದೆ, ಆದರೆ ಕೆಳಗಿದ್ದವರು ಹೊರಗುಳಿಯುತ್ತಾರೆ.

ಮೀಡಿಯವಿಕಿಯಲ್ಲಿ ಈ ಗೆರೆಯನ್ನು ಕಾಯುವ ಒಂದು ಪುಟ್ಟ ಕಡತವಿದೆ. ಸರ್ವರ್‌ನಲ್ಲಿರುವ ಪಿಎಚ್‌ಪಿ ಹಳೆಯದಾಗಿದ್ದರೆ ಅದನ್ನು ಪತ್ತೆಹಚ್ಚಿ, ಇಂತಿಷ್ಟು ಆವೃತ್ತಿ ಬೇಕೆಂದು ತಿಳಿಸುವುದು ಅದರ ಕೆಲಸ. ಉಳಿದೆಲ್ಲ ಕಡತಗಳು ಹೊಸ ವ್ಯಾಕರಣಕ್ಕೆ ಬದಲಾದರೂ ಇದೊಂದನ್ನು ಮಾತ್ರ ಉದ್ದೇಶಪೂರ್ವಕವಾಗಿ ಹಳೆಯ ವ್ಯಾಕರಣದಲ್ಲೇ ಉಳಿಸಿಕೊಳ್ಳಲಾಗಿದೆ. ‘ನಿಮ್ಮ ಪಿಎಚ್‌ಪಿ ಹಳೆಯದು’ ಎಂಬ ಸೂಚನೆಯನ್ನು ಆ ಹಳೆಯ ಪಿಎಚ್‌ಪಿಯೇ ಓದಿ ತೋರಿಸಬೇಕಲ್ಲವೆ? ಈ ಕಡತ ಇರದಿದ್ದರೆ ತಾಣದ ಒಡೆಯನಿಗೆ ಕಾಣುವುದು ಅರ್ಥವಾಗದ ವ್ಯಾಕರಣದೋಷದ ಸಂದೇಶ ಅಥವಾ ಬರಿಯ ಬಿಳಿ ಪುಟ.

ಇತಿಹಾಸ

ಪಿಎಚ್‌ಪಿಯನ್ನು ರಾಸ್ಮಸ್ ಲೆರ್ಡಾರ್ಫ್ 1995ರ ಜೂನ್‌ನಲ್ಲಿ ಸಾರ್ವಜನಿಕವಾಗಿ ಪ್ರಕಟಿಸಿದರು. 2001ರ ಜನವರಿಯಲ್ಲಿ ಆರಂಭವಾದ ವಿಕಿಪೀಡಿಯವು ಮೊದಲ ವರ್ಷ ಪರ್ಲ್ ಭಾಷೆಯಲ್ಲಿ ಬರೆದ ಯೂಸ್‌ಮಾಡ್‌ವಿಕಿ ಎಂಬ ತಂತ್ರಾಂಶವನ್ನು ಬಳಸುತ್ತಿತ್ತು. ಜರ್ಮನಿಯ ಮ್ಯಾಗ್ನಸ್ ಮಾನ್ಸ್ಕೆ ಪಿಎಚ್‌ಪಿಯಲ್ಲಿ ಹೊಸದಾಗಿ ಬರೆದ ತಂತ್ರಾಂಶವು 2002ರ ಜನವರಿ 25ರಂದು ಇಂಗ್ಲಿಷ್ ವಿಕಿಪೀಡಿಯದಲ್ಲಿ ಬಳಕೆಗೆ ಬಂದಿತು. ಅದೇ ವರ್ಷ ಲೀ ಡೇನಿಯಲ್ ಕ್ರಾಕರ್ ಅದನ್ನು ಮತ್ತೊಮ್ಮೆ ಬರೆದರು. 2003ರಲ್ಲಿ ಅದಕ್ಕೆ ಮೀಡಿಯವಿಕಿ ಎಂಬ ಹೆಸರಾಯಿತು. ಕನ್ನಡ ವಿಕಿಪೀಡಿಯ ಆರಂಭವಾದದ್ದೂ 2003ರ ಜೂನ್‌ನಲ್ಲಿ.

ಮೊದಲ ದೊಡ್ಡ ಏರಿಕೆ 2006ರ ಜುಲೈನಲ್ಲಿ ಬಿಡುಗಡೆಯಾದ 1.7ನೇ ಆವೃತ್ತಿಯಲ್ಲಿ ನಡೆಯಿತು. ಪಿಎಚ್‌ಪಿ 4ನ್ನು ಕೈಬಿಟ್ಟು ಪಿಎಚ್‌ಪಿ 5ನ್ನು ಕಡ್ಡಾಯಗೊಳಿಸಲಾಯಿತು. ಪಿಎಚ್‌ಪಿ 5 ಹೊರಬಂದು ಆಗ ಎರಡು ವರ್ಷವಷ್ಟೇ ಆಗಿತ್ತು. ಹೋಸ್ಟಿಂಗ್ ಸಂಸ್ಥೆಗಳಲ್ಲಿ ಬಹುಪಾಲು ಇನ್ನೂ 4ನ್ನೇ ನೀಡುತ್ತಿದ್ದವು. ಗ್ರಾಹಕರ ತಂತ್ರಾಂಶಗಳು 4ರಲ್ಲೇ ನಡೆಯುತ್ತವೆ ಎಂಬ ಕಾರಣಕ್ಕೆ ಸಂಸ್ಥೆಗಳು ಬದಲಾಗುತ್ತಿರಲಿಲ್ಲ, ಸಂಸ್ಥೆಗಳು 4ನ್ನೇ ಕೊಡುತ್ತವೆ ಎಂಬ ಕಾರಣಕ್ಕೆ ತಂತ್ರಾಂಶಗಳು ಬದಲಾಗುತ್ತಿರಲಿಲ್ಲ. ಈ ಗಂಟನ್ನು ಬಿಡಿಸಲು 2007ರಲ್ಲಿ ಡ್ರೂಪಲ್, ಸಿಂಫನಿ, ಪಿಎಚ್‌ಪಿಮೈಅಡ್ಮಿನ್ ಮೊದಲಾದ ಯೋಜನೆಗಳು ‘ಗೋ ಪಿಎಚ್‌ಪಿ 5’ ಎಂಬ ಹೆಸರಿನಲ್ಲಿ ಒಗ್ಗೂಡಿ, 2008ರ ಫೆಬ್ರವರಿ 5ರ ನಂತರದ ತಮ್ಮ ಹೊಸ ಬಿಡುಗಡೆಗಳಿಗೆ ಪಿಎಚ್‌ಪಿ 5.2 ಬೇಕೇಬೇಕೆಂದು ಜೊತೆಯಾಗಿ ಘೋಷಿಸಿದವು. ಒಬ್ಬರೇ ಗೆರೆ ಏರಿಸಿದರೆ ಬಳಕೆದಾರರು ಪಕ್ಕದ ತಂತ್ರಾಂಶಕ್ಕೆ ಹೋಗಿಬಿಡುತ್ತಾರೆ, ಎಲ್ಲರೂ ಒಂದೇ ದಿನ ಏರಿಸಿದರೆ ಹೋಗಲು ಪಕ್ಕವೇ ಇರುವುದಿಲ್ಲ ಎಂಬುದು ಅದರ ತರ್ಕ. ಮೀಡಿಯವಿಕಿಯು ಈ ಒಗ್ಗಟ್ಟಿಗಿಂತ ಒಂದು ವರ್ಷ ಮೊದಲೇ ಒಂಟಿಯಾಗಿ ಆ ಹೆಜ್ಜೆಯಿಟ್ಟಿತ್ತು. ಅದರ ಅತಿ ದೊಡ್ಡ ಬಳಕೆದಾರ ವಿಕಿಪೀಡಿಯವೇ ಆಗಿದ್ದು, ವಿಕಿಪೀಡಿಯದ ಸರ್ವರ್‌ಗಳು ಸ್ವಂತದವಾಗಿದ್ದರಿಂದ ಇದು ಸಾಧ್ಯವಾಯಿತು.

ಅನಂತರದ ಏರಿಕೆಗಳು ಹೀಗೆ ನಡೆದವು: 2012ರ 1.20ಕ್ಕೆ ಪಿಎಚ್‌ಪಿ 5.3.2, 2015ರ 1.25ಕ್ಕೆ 5.3.3, 2016ರ 1.27ಕ್ಕೆ 5.5.9, 2018ರ 1.31ಕ್ಕೆ 7.0, 2019ರ ಕೊನೆಯ 1.34ಕ್ಕೆ 7.2.9, 2020ರ 1.35ಕ್ಕೆ 7.3.19, 2022ರ 1.39ಕ್ಕೆ 7.4.3, 2024ರ 1.43ಕ್ಕೆ 8.1.

ಸಂಖ್ಯೆಗಳ ಹಿಂದಿನ ಲೆಕ್ಕ

5.5.9, 7.4.3 ಇಂತಹ ಸಂಖ್ಯೆಗಳು ಮೊದಲ ನೋಟಕ್ಕೆ ವಿಚಿತ್ರವಾಗಿ ಕಾಣುತ್ತವೆ. 5.5 ಎನ್ನಬಹುದಾಗಿದ್ದಲ್ಲಿ 5.5.9 ಏಕೆ? ಉತ್ತರವು ಲಿನಕ್ಸ್ ವಿತರಣೆಗಳಲ್ಲಿ ದೊರೆಯುತ್ತದೆ. 2014ರ ಏಪ್ರಿಲ್‌ನಲ್ಲಿ ಹೊರಬಂದ ಉಬುಂಟು 14.04ರಲ್ಲಿ ಸೇರಿಬಂದ ಪಿಎಚ್‌ಪಿಯು 5.5.9. ಉಬುಂಟು 10.04ರಲ್ಲಿ ಇದ್ದದ್ದು 5.3.2. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 6 ಮತ್ತು ಅದರ ಉಚಿತ ರೂಪವಾದ ಸೆಂಟ್‌ಓಎಸ್ 6ರಲ್ಲಿ ಇದ್ದದ್ದು 5.3.3. ಉಬುಂಟು 20.04ರಲ್ಲಿ ಇದ್ದದ್ದು 7.4.3. ಮೀಡಿಯವಿಕಿಯ ಮಿತಿಗಳು ಇವುಗಳೊಂದಿಗೆ ಕೊನೆಯ ಅಂಕಿಯವರೆಗೂ ಹೊಂದುತ್ತವೆ.

ಈ ಹೊಂದಾಣಿಕೆಗೆ ಪ್ರಾಯೋಗಿಕ ಅರ್ಥವಿದೆ. ಉಬುಂಟುವಿನ ದೀರ್ಘಾವಧಿ ಆವೃತ್ತಿಗಳಿಗೆ ಐದು ವರ್ಷಗಳ ಬೆಂಬಲ ದೊರೆಯುತ್ತದೆ. ಆ ಅವಧಿಯಲ್ಲಿ ಪಿಎಚ್‌ಪಿಯ ಮೂಲ ಸಂಖ್ಯೆಯನ್ನು ಬದಲಿಸದೆ ಭದ್ರತಾ ತಿದ್ದುಪಡಿಗಳನ್ನು ಮಾತ್ರ ವಿತರಕರೇ ಸೇರಿಸುತ್ತಾರೆ. ಸರ್ವರನ್ನು ಒಮ್ಮೆ ಸ್ಥಾಪಿಸಿ ಮತ್ತೆ ಮುಟ್ಟದಿರುವುದೇ ವಾಡಿಕೆ. ಕಾಲೇಜಿನ ಗ್ರಂಥಾಲಯದಲ್ಲೋ ಸಣ್ಣ ಸಂಸ್ಥೆಯಲ್ಲೋ ಒಬ್ಬರು ಆಸಕ್ತಿಯಿಂದ ವಿಕಿಯನ್ನು ಸ್ಥಾಪಿಸಿರುತ್ತಾರೆ, ಅವರು ವರ್ಗವಾಗಿ ಹೋದ ಮೇಲೆ ಅದರ ಗುಪ್ತಪದವೂ ಯಾರಿಗೂ ತಿಳಿದಿರುವುದಿಲ್ಲ. ಕನಿಷ್ಠ ಮಿತಿಯನ್ನು ಇಂತಹ ವಿತರಣೆಯೊಂದರ ಸಂಖ್ಯೆಗೆ ಸರಿಯಾಗಿ ನಿಲ್ಲಿಸುವುದೆಂದರೆ, ‘ಈ ವ್ಯವಸ್ಥೆ ಇರುವವರನ್ನು ಸದ್ಯಕ್ಕೆ ಬಿಟ್ಟುಹೋಗುವುದಿಲ್ಲ’ ಎಂಬ ಮಾತು ಕೊಟ್ಟಂತೆ. 5.5.9ರ ಬದಲು 5.5.10 ಎಂದು ಬರೆದಿದ್ದರೆ ತಾಂತ್ರಿಕವಾಗಿ ಹೆಚ್ಚಿನ ಲಾಭವೇನೂ ಇರಲಿಲ್ಲ, ಆದರೆ ಉಬುಂಟು 14.04ರ ಸರ್ವರ್‌ಗಳೆಲ್ಲ ಒಂದೇ ಏಟಿಗೆ ಹೊರಗಾಗುತ್ತಿದ್ದವು.

ಇನ್ನೊಂದು ಕಡೆಯ ಗಡುವು ಪಿಎಚ್‌ಪಿಯದೇ. 2011ರಲ್ಲಿ ಒಪ್ಪಿಕೊಂಡ ನಿಯಮದಂತೆ ಪಿಎಚ್‌ಪಿಯ ಪ್ರತಿ ಆವೃತ್ತಿಗೂ ಎರಡು ವರ್ಷ ಪೂರ್ಣ ಬೆಂಬಲ, ಆಮೇಲೆ ಒಂದು ವರ್ಷ ಭದ್ರತಾ ತಿದ್ದುಪಡಿ ಮಾತ್ರ ದೊರೆಯುತ್ತಿತ್ತು. 2024ರಲ್ಲಿ ಈ ಕೊನೆಯ ಅವಧಿಯನ್ನು ಎರಡು ವರ್ಷಕ್ಕೆ ವಿಸ್ತರಿಸಲಾಯಿತು. ಪಿಎಚ್‌ಪಿ 7.4ರ ಬೆಂಬಲ 2022ರ ನವೆಂಬರ್‌ನಲ್ಲಿ ಮುಗಿಯಿತು. ಅದೇ ತಿಂಗಳು ಬಿಡುಗಡೆಯಾದ ಮೀಡಿಯವಿಕಿ 1.39 ಆ 7.4ನ್ನೇ ಕನಿಷ್ಠವೆಂದು ಇಟ್ಟುಕೊಂಡಿತು. ಮೂಲ ಭಾಷೆಯವರು ಕೈಬಿಟ್ಟದ್ದನ್ನು ವಿತರಕರ ತಿದ್ದುಪಡಿಗಳ ಭರವಸೆಯ ಮೇಲೆ ಇನ್ನಷ್ಟು ಕಾಲ ಸಾಕಿದ್ದು ಉದಾರ ನಿಲುವೆಂದೇ ಹೇಳಬೇಕು.

ಹೊರಗುಳಿಯುವವರಿಗೆ ಇರುವ ಆಸರೆ ದೀರ್ಘಾವಧಿ ಬೆಂಬಲದ ಬಿಡುಗಡೆಗಳು. ಮೀಡಿಯವಿಕಿಯಲ್ಲಿ ಸುಮಾರು ಆರು ತಿಂಗಳಿಗೊಂದು ಬಿಡುಗಡೆಯಾಗುತ್ತದೆ. ಸಾಮಾನ್ಯ ಬಿಡುಗಡೆಗೆ ಒಂದು ವರ್ಷ, ಎರಡು ವರ್ಷಕ್ಕೊಮ್ಮೆ ಬರುವ ದೀರ್ಘಾವಧಿ ಬಿಡುಗಡೆಗೆ ಮೂರು ವರ್ಷ ಬೆಂಬಲವಿದೆ. 1.27, 1.31, 1.35, 1.39, 1.43 ಈ ಬಗೆಯವು. ಹಳೆಯ ಪಿಎಚ್‌ಪಿಯಲ್ಲಿ ಸಿಲುಕಿದವರು ದೀರ್ಘಾವಧಿ ಬಿಡುಗಡೆಯಲ್ಲಿ ನಿಂತು, ಸರ್ವರ್ ಬದಲಿಸಲು ಸಮಯ ಪಡೆಯಬಹುದು. ಇದರ ಬೆಲೆಯನ್ನು ತೆರುವವರು ನಿರ್ವಾಹಕರು. ಹೊಸ ವ್ಯಾಕರಣದಲ್ಲಿ ಬರೆದ ಭದ್ರತಾ ತಿದ್ದುಪಡಿಯನ್ನು ಹಳೆಯ ಬಿಡುಗಡೆಗಾಗಿ ಹಳೆಯ ವ್ಯಾಕರಣದಲ್ಲಿ ಮತ್ತೆ ಬರೆಯಬೇಕಾಗುತ್ತದೆ.

ಎಚ್‌ಎಚ್‌ವಿಎಂ ಪ್ರಸಂಗ

2014ರ ಡಿಸೆಂಬರ್ ವೇಳೆಗೆ ವಿಕಿಮೀಡಿಯ ಪ್ರತಿಷ್ಠಾನವು ತನ್ನ ಸರ್ವರ್‌ಗಳಲ್ಲಿ ಪಿಎಚ್‌ಪಿಯ ಮೂಲ ಚಾಲಕವನ್ನು ಬಿಟ್ಟು, ಫೇಸ್‌ಬುಕ್ ಸಂಸ್ಥೆ ರೂಪಿಸಿದ ಎಚ್‌ಎಚ್‌ವಿಎಂಗೆ ಬದಲಾಯಿತು. ಪುಟ ಸಂಪಾದಿಸಿ ಉಳಿಸಲು ತಗಲುವ ಸಮಯ ಸುಮಾರು ಅರ್ಧಕ್ಕೆ ಇಳಿಯಿತು. ಉದ್ದನೆಯ ಕನ್ನಡ ಲೇಖನವನ್ನು ಉಳಿಸಲು ಒತ್ತಿ ಕಾಯುತ್ತಿದ್ದವರಿಗೂ ಈ ವೇಗದ ಪಾಲು ದೊರೆಯಿತು.

ಆದರೆ 2015ರ ಡಿಸೆಂಬರ್‌ನಲ್ಲಿ ಬಂದ ಪಿಎಚ್‌ಪಿ 7.0 ತಾನೇ ಬಹಳ ವೇಗವಾಗಿತ್ತು. 2017ರಲ್ಲಿ ಎಚ್‌ಎಚ್‌ವಿಎಂ ತಂಡವು ತಾವು ಮುಂದೆ ಹ್ಯಾಕ್ ಎಂಬ ತಮ್ಮದೇ ಭಾಷೆಯತ್ತ ಸಾಗುವುದಾಗಿಯೂ ಪಿಎಚ್‌ಪಿ 7ರೊಂದಿಗೆ ಹೊಂದಿಕೊಳ್ಳುವುದು ತಮ್ಮ ಗುರಿಯಲ್ಲವೆಂದೂ ತಿಳಿಸಿತು. ಮೀಡಿಯವಿಕಿ ಕವಲುದಾರಿಯಲ್ಲಿ ನಿಂತಿತು. ಹ್ಯಾಕ್ ಹಿಡಿದರೆ ಜಗತ್ತಿನ ಸಾವಿರಾರು ಸಣ್ಣ ವಿಕಿಗಳು ಸಾಮಾನ್ಯ ಹೋಸ್ಟಿಂಗ್‌ನಲ್ಲಿ ನಡೆಯುವಂತಿರಲಿಲ್ಲ. ಪಿಎಚ್‌ಪಿ 7ನ್ನು ಹಿಡಿಯಲು ತೀರ್ಮಾನವಾಯಿತು. 2018ರ 1.31ರಲ್ಲಿ ಮಿತಿಯು 5.5.9ರಿಂದ ನೇರವಾಗಿ 7.0ಕ್ಕೆ ಏರಿತು. 2019ರ ಸೆಪ್ಟೆಂಬರ್‌ನಲ್ಲಿ ವಿಕಿಪೀಡಿಯದ ಸರ್ವರ್‌ಗಳು ಪಿಎಚ್‌ಪಿ 7.2ಕ್ಕೆ ಪೂರ್ತಿಯಾಗಿ ಮರಳಿದವು.

ಕನ್ನಡ ಪಠ್ಯದ ಮೇಲಿನ ಪರಿಣಾಮ

ಪ್ರೋಗ್ರಾಮಿಂಗ್ ಭಾಷೆಯ ಆವೃತ್ತಿ ಏರಿದೊಡನೆ ಕನ್ನಡದ ತೊಡಕುಗಳೆಲ್ಲ ಪರಿಹಾರವಾಗುತ್ತವೆ ಎಂಬ ನಂಬಿಕೆ ಇದೆ. ಪಿಎಚ್‌ಪಿಯ ಮಟ್ಟಿಗೆ ಇದು ಅರ್ಧಸತ್ಯ.

ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಸರಸಂಬಾ ಎಂಬ ಊರಿನ ಹೆಸರನ್ನೇ ಉದಾಹರಣೆಯಾಗಿ ನೋಡಬಹುದು. ಓದುವವರ ಕಣ್ಣಿಗೆ ಇದು ಸ, ರ, ಸಂ, ಬಾ ಎಂಬ ನಾಲ್ಕು ಅಕ್ಷರಗಳ ಪದ. ಯೂನಿಕೋಡ್‌ನಲ್ಲಿ ಅನುಸ್ವಾರಕ್ಕೂ ಆಕಾರದ ದೀರ್ಘಕ್ಕೂ ಪ್ರತ್ಯೇಕ ಸಂಕೇತಗಳಿರುವುದರಿಂದ ಇದರಲ್ಲಿ ಆರು ಸಂಕೇತಗಳಿವೆ. ಯುಟಿಎಫ್-8 ವಿಧಾನದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕಾಗುವುದರಿಂದ ಒಟ್ಟು 18 ಬೈಟ್. ಪದದ ಉದ್ದ ಎಷ್ಟೆಂದು ಪಿಎಚ್‌ಪಿಯ ಮೂಲ ಫಂಕ್ಷನ್ ಅನ್ನು ಕೇಳಿದರೆ ಅದು ಕೊಡುವ ಉತ್ತರ 18. ಪಿಎಚ್‌ಪಿ 4ರಲ್ಲೂ ಅದೇ ಉತ್ತರ, ಪಿಎಚ್‌ಪಿ 8ರಲ್ಲೂ ಅದೇ ಉತ್ತರ. ಮೊದಲ 10 ಬೈಟ್ ಮಾತ್ರ ಕತ್ತರಿಸಿ ಕೊಡೆಂದರೆ ‘ಸರಸ’ ಎಂಬುದು ಪೂರ್ಣವಾಗಿ ಬಂದು, ಅದರ ಮುಂದೆ ಅನುಸ್ವಾರದ ಮೂರನೆಯ ಒಂದು ತುಂಡು ಬರುತ್ತದೆ. ತೆರೆಯ ಮೇಲೆ ಅದು ಕಪ್ಪು ವಜ್ರಾಕೃತಿಯೊಳಗಿನ ಪ್ರಶ್ನಾರ್ಥಕ ಚಿಹ್ನೆಯಾಗಿ ಕಾಣುತ್ತದೆ. ಕನ್ನಡ ಜಾಲತಾಣಗಳಲ್ಲಿ ಶೀರ್ಷಿಕೆಗಳ ಕೊನೆಗೆ ಈ ಚಿಹ್ನೆಯನ್ನು ಕಂಡವರು ಬಹಳ.

ಇದನ್ನು ಮೂಲದಲ್ಲೇ ಸರಿಪಡಿಸುವ ಯತ್ನ ನಡೆಯದೇ ಇರಲಿಲ್ಲ. 2005ರಲ್ಲಿ ಆರಂಭವಾದ ಪಿಎಚ್‌ಪಿ 6ರ ಮುಖ್ಯ ಗುರಿಯೇ ಯೂನಿಕೋಡನ್ನು ಭಾಷೆಯ ಒಡಲಿಗೆ ಸೇರಿಸುವುದಾಗಿತ್ತು. ಕೆಲಸ ಜಟಿಲವಾಗುತ್ತ ಹೋಗಿ 2010ರಲ್ಲಿ ಅದನ್ನು ಕೈಬಿಡಲಾಯಿತು. ಪಿಎಚ್‌ಪಿ 6 ಎಂಬ ಆವೃತ್ತಿ ಬಿಡುಗಡೆಯಾಗಲೇ ಇಲ್ಲ, 5.6ರ ನಂತರ ಬಂದದ್ದು 7. ಹೋಲಿಕೆಗೆ, 2008ರ ಡಿಸೆಂಬರ್‌ನಲ್ಲಿ ಬಂದ ಪೈಥಾನ್ 3ರಲ್ಲಿ ಪಠ್ಯವೆಂದರೆ ಯೂನಿಕೋಡ್ ಎಂದೇ ಅರ್ಥ. ಅಲ್ಲಿ ‘ಸರಸಂಬಾ’ ಪದದ ಉದ್ದ 6.

ಹಾಗಾಗಿ ಮೀಡಿಯವಿಕಿಯು ಕನ್ನಡದಂತಹ ಲಿಪಿಗಳಿಗಾಗಿ ಪಿಎಚ್‌ಪಿಯ ವಿಸ್ತರಣೆಗಳನ್ನು ಅವಲಂಬಿಸಿದೆ. ಬೈಟ್‌ಗಳ ಬದಲು ಸಂಕೇತಗಳನ್ನು ಎಣಿಸುವ ಎಂಬಿಸ್ಟ್ರಿಂಗ್ ಮತ್ತು ಭಾಷಾವಾರು ನಿಯಮಗಳನ್ನು ಒದಗಿಸುವ ಇಂಟ್ಲ್ ಇವುಗಳಲ್ಲಿ ಮುಖ್ಯವಾದವು. ಇಂಟ್ಲ್ ವಿಸ್ತರಣೆಯು ಪಿಎಚ್‌ಪಿ 5.3ರಿಂದ ಭಾಷೆಯ ಜೊತೆಯಲ್ಲೇ ಬರತೊಡಗಿತು. ಈಗ ಇವೆರಡೂ ಮೀಡಿಯವಿಕಿಗೆ ಕಡ್ಡಾಯ. ಸಂಕೇತಗಳನ್ನು ಎಣಿಸಿದರೂ ಕನ್ನಡದ ಕಷ್ಟ ಪೂರ್ತಿ ತೀರುವುದಿಲ್ಲ ಎಂಬುದನ್ನೂ ಗಮನಿಸಬೇಕು. ಐದು ಸಂಕೇತಗಳಿಗೆ ಕತ್ತರಿಸಿದರೆ ದೊರೆಯುವ ‘ಸರಸಂಬ’ ಯಂತ್ರದ ದೃಷ್ಟಿಯಲ್ಲಿ ನಿರ್ದೋಷ, ಊರಿನವರ ದೃಷ್ಟಿಯಲ್ಲಿ ಊರಿನ ಹೆಸರೇ ಅಲ್ಲ.

ಅಕಾರಾದಿ ಕ್ರಮದಲ್ಲಿ ವ್ಯತ್ಯಾಸ ಇನ್ನೂ ಸ್ಪಷ್ಟ. ಯೂನಿಕೋಡ್ ಪಟ್ಟಿಯಲ್ಲಿ ‘ಳ’ಕಾರವು ‘ಲ’ ಮತ್ತು ‘ವ’ಗಳ ನಡುವೆ ಇದೆ. ಶಾಲೆಯಲ್ಲಿ ಕಲಿಸುವ ವರ್ಣಮಾಲೆಯಲ್ಲಿ ಅದರ ಸ್ಥಾನ ‘ಹ’ಕಾರದ ನಂತರ. ಸಂಕೇತಗಳ ಸಂಖ್ಯೆಯಂತೆ ಜೋಡಿಸಿದರೆ ‘ಕಳಸ’ ಮೊದಲು, ‘ಕವನ’ ಆಮೇಲೆ ಬರುತ್ತದೆ. ನಿಘಂಟಿನ ಕ್ರಮದಲ್ಲಿ ‘ಕವನ’ ಮೊದಲು, ‘ಕಳಸ’ ಆಮೇಲೆ. ಆಯಾ ಭಾಷೆಯ ನಿಯಮದಂತೆ ಜೋಡಿಸಬೇಕಾದರೆ ಇಂಟ್ಲ್ ವಿಸ್ತರಣೆಯೂ ಅದರ ಹಿಂದಿರುವ ಐಸಿಯು ಎಂಬ ಭಾಷಾದತ್ತಾಂಶದ ಗ್ರಂಥಾಲಯವೂ ಬೇಕು. ಪಿಎಚ್‌ಪಿ ಏರಿಕೆಯೊಂದಿಗೆ ಐಸಿಯು ಕೂಡ ಬದಲಾದರೆ ಅದರ ಆಧಾರದಲ್ಲಿ ಜೋಡಿಸಿದ ವರ್ಗಗಳ ವಿಂಗಡಣೆಯನ್ನು ಹೊಸದಾಗಿ ಲೆಕ್ಕಹಾಕಬೇಕಾಗುತ್ತದೆ.

ದೊಡ್ಡಕ್ಷರ ಮತ್ತು ಚಿಕ್ಕಕ್ಷರಗಳ ಭೇದವಿಲ್ಲದಿರುವುದು ಕನ್ನಡಕ್ಕೆ ಒದಗಿದ ಒಂದು ಅದೃಷ್ಟ. ಮೀಡಿಯವಿಕಿಯು ಪುಟದ ಶೀರ್ಷಿಕೆಯ ಮೊದಲ ಅಕ್ಷರವನ್ನು ತಾನಾಗಿ ದೊಡ್ಡದಾಗಿಸುತ್ತದೆ. ಯಾವ ಅಕ್ಷರದ ದೊಡ್ಡ ರೂಪ ಯಾವುದೆಂಬ ಪಟ್ಟಿಯು ಪಿಎಚ್‌ಪಿಯ ಆವೃತ್ತಿಯೊಂದಿಗೆ ಬದಲಾಗುತ್ತದೆ. 2018ರ ಯೂನಿಕೋಡ್ 11ರಲ್ಲಿ ಜಾರ್ಜಿಯನ್ ಲಿಪಿಗೆ ಹೊಸದಾಗಿ ದೊಡ್ಡಕ್ಷರಗಳು ಸೇರಿದ್ದವು. ಹೊಸ ಪಿಎಚ್‌ಪಿ ಅವನ್ನು ಬಳಸತೊಡಗಿದರೆ, ಅದುವರೆಗೆ ಇದ್ದ ಪುಟಗಳನ್ನು ಅವುಗಳ ಹೆಸರಿನಿಂದಲೇ ತಲುಪಲಾಗದ ಸ್ಥಿತಿ ಬರುತ್ತಿತ್ತು. ಇದನ್ನು ತಡೆಯಲು 1.34ನೇ ಆವೃತ್ತಿಯಲ್ಲಿ ಆರಿಸಿದ ಅಕ್ಷರಗಳಿಗೆ ಹಳೆಯ ನಡವಳಿಕೆಯನ್ನೇ ಉಳಿಸುವ ಹೊಂದಿಕೆಯೊಂದನ್ನು ಸೇರಿಸಲಾಯಿತು. ಭಾಷೆಯ ಆವೃತ್ತಿ ಏರಿಸುವುದು ಕೇವಲ ವೇಗದ ಅಥವಾ ವ್ಯಾಕರಣದ ವಿಷಯವಲ್ಲ, ಬರೆದಿಟ್ಟದ್ದರ ಹೆಸರೇ ಬದಲಾಗಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಗದು.

ಏರಿಕೆಯಿಂದ ಬದಲಾಗದೆ ಉಳಿದ ಮಿತಿಗಳೂ ಇವೆ. ಪುಟದ ಶೀರ್ಷಿಕೆಗೆ ಮೀಡಿಯವಿಕಿ ನೀಡಿರುವ ಜಾಗ 255 ಬೈಟ್. ಇಂಗ್ಲಿಷ್‌ಗೆ ಅದು 255 ಅಕ್ಷರ, ಕನ್ನಡಕ್ಕೆ 85 ಸಂಕೇತ.

ಒಳಗಿನ ಬದಲಾವಣೆಗಳು

ಮಿತಿ ಏರಿದೊಡನೆ ಬರಹದ ಶೈಲಿ ಬದಲಾಗುತ್ತದೆ. ಪಿಎಚ್‌ಪಿ 5.4ರಲ್ಲಿ ಪಟ್ಟಿಗಳನ್ನು ಚೌಕ ಆವರಣಗಳಲ್ಲಿ ಚಿಕ್ಕದಾಗಿ ಬರೆಯುವ ಕ್ರಮ ಬಂದಿತ್ತು. ಮೀಡಿಯವಿಕಿಯ ಮಿತಿ 5.3ರಲ್ಲಿ ನಿಂತಿದ್ದಷ್ಟು ಕಾಲ ಅದನ್ನು ಬಳಸುವಂತಿರಲಿಲ್ಲ. 1.27ರಲ್ಲಿ ಮಿತಿ ಏರುತ್ತಲೇ, 2016ರಲ್ಲಿ, ಎಲ್ಲ ಕಡತಗಳಲ್ಲೂ ಹಳೆಯ ರೂಪವನ್ನು ತೆಗೆದು ಹೊಸದನ್ನು ಒಮ್ಮೆಗೇ ಬರೆಯಲಾಯಿತು. ‘ಸದಸ್ಯ’, ‘ವಿಶೇಷ’, ‘ವರ್ಗ’ ಮೊದಲಾದ ಕನ್ನಡ ನಾಮವರ್ಗಗಳ ಹೆಸರುಗಳಿರುವುದೂ ಇಂತಹ ಒಂದು ಪಿಎಚ್‌ಪಿ ಕಡತದಲ್ಲೇ. ಸಂಪಾದಕರಿಗೆ ಕಾಣುವ ಉಳಿದ ಕನ್ನಡ ಸಂದೇಶಗಳನ್ನು 2014ರ 1.23ರಿಂದ ಪಿಎಚ್‌ಪಿ ಕಡತಗಳಿಂದ ಹೊರತಂದು ಜೇಸನ್ ಎಂಬ ಸರಳ ರೂಪದಲ್ಲಿ ಇಡಲಾಗಿದೆ. ಅವುಗಳ ಅನುವಾದ ಟ್ರಾನ್ಸ್‌ಲೇಟ್‌ವಿಕಿ ತಾಣದಲ್ಲಿ ಸ್ವಯಂಸೇವಕರಿಂದ ನಡೆಯುತ್ತದೆ. ಹೀಗಾಗಿ ಅನುವಾದಕರಿಗೆ ಪಿಎಚ್‌ಪಿ ಆವೃತ್ತಿಯ ಗೊಡವೆ ತಪ್ಪಿದೆ.

ಕೆಲವು ಬದಲಾವಣೆಗಳು ಸದ್ದಿಲ್ಲದೆ ಅರ್ಥವನ್ನೇ ಬದಲಿಸುತ್ತವೆ. ಪಿಎಚ್‌ಪಿ 7ರವರೆಗೆ 0 ಎಂಬ ಸಂಖ್ಯೆಯನ್ನು ‘ಕನ್ನಡ’ ಎಂಬ ಪದದೊಂದಿಗೆ ಸಡಿಲ ಹೋಲಿಕೆ ಮಾಡಿದರೆ ಎರಡೂ ಸಮವೆಂಬ ಉತ್ತರ ಬರುತ್ತಿತ್ತು. ಅಂಕಿಗಳಿಲ್ಲದ ಪದವನ್ನು ಭಾಷೆಯು ಸೊನ್ನೆಯೆಂದು ಎಣಿಸುತ್ತಿದ್ದುದೇ ಕಾರಣ. 2020ರ ನವೆಂಬರ್‌ನಲ್ಲಿ ಬಂದ ಪಿಎಚ್‌ಪಿ 8.0ರಲ್ಲಿ ಈ ಉತ್ತರ ‘ಅಲ್ಲ’ ಎಂದಾಯಿತು. ಹೊಸ ಉತ್ತರವೇ ಸರಿಯೆಂಬುದರಲ್ಲಿ ಸಂಶಯವಿಲ್ಲ. ಆದರೆ ಹಳೆಯ ಉತ್ತರವನ್ನು ನಂಬಿ ಬರೆದ ಸಾಲು ಎಲ್ಲಾದರೂ ಇದ್ದರೆ ಅದು ದೋಷ ಸಂದೇಶವನ್ನೂ ನೀಡದೆ ಬೇರೆ ದಾರಿ ಹಿಡಿಯುತ್ತದೆ. ಇದಕ್ಕೆ ಹೋಲಿಸಿದರೆ ಪಿಎಚ್‌ಪಿ 7.0ರಲ್ಲಿ ಹಳೆಯ ಮೈಎಸ್‌ಕ್ಯುಎಲ್ ಫಂಕ್ಷನ್‌ಗಳನ್ನು ಪೂರ್ತಿಯಾಗಿ ತೆಗೆದುಹಾಕಿದ್ದು ಕಠಿಣವಾಗಿ ಕಂಡರೂ ಪ್ರಾಮಾಣಿಕ ಕ್ರಮ. ಅದನ್ನು ಬಳಸಿದ್ದ ತಾಣ ಕೂಡಲೇ ನಿಂತುಹೋಗುತ್ತಿತ್ತು, ಕಾರಣವೂ ತಿಳಿಯುತ್ತಿತ್ತು.

ಕನ್ನಡ ವಿಕಿಪೀಡಿಯದಲ್ಲಿ

ಕನ್ನಡ ವಿಕಿಪೀಡಿಯಕ್ಕೆ ತನ್ನದೇ ಆದ ಸರ್ವರ್ ಇಲ್ಲ. ಅಮೆರಿಕದ ವರ್ಜೀನಿಯ ಮತ್ತು ಟೆಕ್ಸಸ್ ರಾಜ್ಯಗಳಲ್ಲಿರುವ ವಿಕಿಮೀಡಿಯದ ಮುಖ್ಯ ಕೇಂದ್ರಗಳಿಂದ ಎಲ್ಲ ಭಾಷೆಗಳ ವಿಕಿಗಳೂ ನಡೆಯುತ್ತವೆ. ಹೊಸ ಕೋಡ್ ವಾರಕ್ಕೊಮ್ಮೆ ಹಂತ ಹಂತವಾಗಿ ಜಾರಿಗೆ ಬರುತ್ತದೆ. ಮಂಗಳವಾರ ಪರೀಕ್ಷಾ ವಿಕಿಗಳಿಗೆ, ಬುಧವಾರ ವಿಕ್ಷನರಿ, ವಿಕಿಸೋರ್ಸ್ ಮೊದಲಾದವುಗಳಿಗೆ, ಗುರುವಾರ ಬಹುಪಾಲು ವಿಕಿಪೀಡಿಯಗಳಿಗೆ. ಆದ್ದರಿಂದ ಪಿಎಚ್‌ಪಿ ಆವೃತ್ತಿ ಏರಿದ್ದು ಕನ್ನಡ ಸಂಪಾದಕರ ಅರಿವಿಗೆ ಬರುವುದೇ ಅಪರೂಪ. ಯಾವ ಕನ್ನಡಿಗನೂ ಅದಕ್ಕಾಗಿ ಹಣ ತೆರಬೇಕಿಲ್ಲ. ತೀರ್ಮಾನವೂ ಇಲ್ಲಿ ಆಗುವುದಿಲ್ಲ ಎಂಬುದು ಅದರ ಮತ್ತೊಂದು ಮುಖ. ಚರ್ಚೆ ಎಲ್ಲರಿಗೂ ತೆರೆದಿದ್ದರೂ ಅದು ಇಂಗ್ಲಿಷ್‌ನಲ್ಲಿ ನಡೆಯುತ್ತದೆ.

ಏರಿಕೆಯ ಬಿಸಿ ತಟ್ಟುವುದು ಮೀಡಿಯವಿಕಿಯನ್ನು ತಾವೇ ಸ್ಥಾಪಿಸಿಕೊಂಡವರಿಗೆ. ಹಂಚಿಕೆಯ ಹೋಸ್ಟಿಂಗ್‌ನಲ್ಲಿ ಪಿಎಚ್‌ಪಿ ಆವೃತ್ತಿಯನ್ನು ಬದಲಿಸುವ ಅಧಿಕಾರ ಎಲ್ಲ ಗ್ರಾಹಕರಿಗೂ ಇರುವುದಿಲ್ಲ. ಇದ್ದರೂ, ಅದೇ ಖಾತೆಯಲ್ಲಿರುವ ಇನ್ನೊಂದು ಹಳೆಯ ತಾಣ ಹೊಸ ಆವೃತ್ತಿಯಲ್ಲಿ ನಡೆಯದೇ ಹೋಗಬಹುದು.

ಸಂಪಾದಕರ ಕಡೆಯಲ್ಲಿ ಹೆಚ್ಚು ತಟ್ಟಿದ್ದು ಪಿಎಚ್‌ಪಿಯಲ್ಲ, ಬ್ರೌಸರ್‌ನಲ್ಲಿ ನಡೆಯುವ ಜಾವಾಸ್ಕ್ರಿಪ್ಟ್ ಭಾಷೆಯ ಕನಿಷ್ಠ ಮಿತಿ. 2023ರ 1.41ರಿಂದ ಮೀಡಿಯವಿಕಿಯ ಜಾವಾಸ್ಕ್ರಿಪ್ಟ್‌ಗೆ 2015ರ ಪ್ರಮಾಣಕವಾದ ಇಎಸ್6 ತಿಳಿದಿರುವ ಬ್ರೌಸರ್ ಬೇಕು. ಇಂಟರ್ನೆಟ್ ಎಕ್ಸ್‌ಪ್ಲೋರರ್ 11ಕ್ಕೆ ಅದು ತಿಳಿಯದು. ಹಳೆಯ ಬ್ರೌಸರ್‌ನಲ್ಲೂ ಪುಟವನ್ನು ಓದಬಹುದು, ಸಂಪಾದನೆಯ ಸರಳ ಪೆಟ್ಟಿಗೆಯೂ ತೆರೆಯುತ್ತದೆ. ಆದರೆ ಪುಟದಲ್ಲೇ ಕನ್ನಡವನ್ನು ಟೈಪ್ ಮಾಡಲು ಇರುವ ಕೀಲಿಮಣೆ ಸೌಲಭ್ಯ ಜಾವಾಸ್ಕ್ರಿಪ್ಟ್‌ನಲ್ಲಿ ಬರೆದದ್ದು, ಅದು ಕಾಣಿಸಿಕೊಳ್ಳುವುದಿಲ್ಲ. ಇಂಗ್ಲಿಷ್‌ನಲ್ಲಿ ಬರೆಯುವವನಿಗೆ ಅದೇ ಹಳೆಯ ಗಣಕ ಸಾಕಾಗುತ್ತದೆ. ಕನ್ನಡದಲ್ಲಿ ಬರೆಯುವವನು ಗಣಕದಲ್ಲಿ ಪ್ರತ್ಯೇಕ ಕೀಲಿಮಣೆ ತಂತ್ರಾಂಶ ಹಾಕಿಕೊಳ್ಳಬೇಕು ಅಥವಾ ಫೈರ್‌ಫಾಕ್ಸ್, ಕ್ರೋಮ್‌ನಂತಹ ಬ್ರೌಸರನ್ನು ಸ್ಥಾಪಿಸಿಕೊಳ್ಳಬೇಕು. ಶಾಲಾ ಗಣಕಗಳಲ್ಲಿ ಹೊಸ ತಂತ್ರಾಂಶ ಸೇರಿಸುವ ಅನುಮತಿ ಹಲವೆಡೆ ಶಿಕ್ಷಕರಿಗೂ ಇರುವುದಿಲ್ಲ. ಒಂದೇ ಮಿತಿಯು ಎಲ್ಲ ಭಾಷೆಗಳ ಮೇಲೂ ಒಂದೇ ಭಾರ ಹಾಕುವುದಿಲ್ಲ ಎಂಬುದು ಇಲ್ಲಿ ಕಾಣುತ್ತದೆ.

ಇತರ ಚೌಕಟ್ಟುಗಳಲ್ಲಿ

ವರ್ಡ್‌ಪ್ರೆಸ್ ಈ ವಿಷಯದಲ್ಲಿ ಅತ್ಯಂತ ನಿಧಾನಿ. 2019ರ ಮೇ ತಿಂಗಳ 5.2ರವರೆಗೂ ಅದು ಪಿಎಚ್‌ಪಿ 5.2.4ನ್ನು ಬೆಂಬಲಿಸುತ್ತಿತ್ತು. ಆಗ 5.6.20ಕ್ಕೆ, 2023ರ 6.3ರಲ್ಲಿ 7.0ಕ್ಕೆ, 2024ರ 6.6ರಲ್ಲಿ 7.2.24ಕ್ಕೆ ಏರಿಸಿತು. ಹಳೆಯ ಆವೃತ್ತಿಯ ಬಳಕೆದಾರರು ಬೆರಳೆಣಿಕೆಯಷ್ಟಾಗುವವರೆಗೆ ಕಾಯುವುದು ಅದರ ರೂಢಿ. ಇದಕ್ಕೆ ವಿರುದ್ಧವಾಗಿ ಲಾರಾವೆಲ್ 9, 10, 11ನೇ ಆವೃತ್ತಿಗಳು ವರ್ಷಕ್ಕೊಂದರಂತೆ ಪಿಎಚ್‌ಪಿ 8.0, 8.1, 8.2ನ್ನು ಕೇಳಿದವು. ಸಿಂಫನಿ ಸಾಮಾನ್ಯವಾಗಿ ಪ್ರಧಾನ ಆವೃತ್ತಿಯಲ್ಲಿ ಮಾತ್ರ ಮಿತಿ ಏರಿಸುತ್ತದೆ. 2022ರ 6.1ರಲ್ಲಿ ಪಿಎಚ್‌ಪಿ 8.1ನ್ನು ಕಡ್ಡಾಯಗೊಳಿಸಿದ್ದು ಅದಕ್ಕೆ ಅಪವಾದ.

ಮಿತಿ ಏರಿಸುವುದನ್ನು ಹೊಂದಾಣಿಕೆ ಮುರಿಯುವ ಬದಲಾವಣೆ ಎಂದು ಎಣಿಸಬೇಕೆ ಎಂಬುದು ಇನ್ನೂ ಒಮ್ಮತವಾಗದ ಪ್ರಶ್ನೆ. 2012ರಲ್ಲಿ ಬಂದ ಕಂಪೋಸರ್ ಎಂಬ ಸಾಧನವು ಸರ್ವರ್‌ನ ಪಿಎಚ್‌ಪಿಗೆ ಹೊಂದುವ ಹಳೆಯ ಬಿಡುಗಡೆಯನ್ನು ತಾನಾಗಿ ಆರಿಸಿಕೊಡುತ್ತದೆ, ಹಾಗಾಗಿ ಯಾರ ತಾಣವೂ ಮುರಿಯುವುದಿಲ್ಲ ಎಂಬುದು ಒಂದು ವಾದ. ಮುರಿಯುವುದಿಲ್ಲ ನಿಜ, ಆದರೆ ಭದ್ರತಾ ತಿದ್ದುಪಡಿ ಅವರಿಗೆ ತಲುಪುವುದೂ ನಿಂತುಹೋಗುತ್ತದೆ, ಅದು ನಿಂತದ್ದು ಅವರಿಗೆ ತಿಳಿಯುವುದೂ ಇಲ್ಲ ಎಂಬುದು ಪ್ರತಿವಾದ. ಎರಡನೆಯ ಮಾತಿಗೆ ಹೆಚ್ಚು ತೂಕವಿದೆ.

ಪೈಥಾನ್ ಲೋಕದಲ್ಲಿ ಬೇರ್ಪಡೆ ಇನ್ನೂ ದೀರ್ಘವಾಗಿತ್ತು. ಜಾಂಗೋ ಚೌಕಟ್ಟು 2017ರ ಡಿಸೆಂಬರ್‌ನ 2.0ರಲ್ಲಿ ಪೈಥಾನ್ 2ನ್ನು ಕೈಬಿಟ್ಟಿತು. ಪೈಥಾನ್ 2ರ ಅಧಿಕೃತ ಬೆಂಬಲ 2020ರ ಜನವರಿ 1ಕ್ಕೆ ಮುಗಿಯಿತು. ವಿಕಿಪೀಡಿಯದಲ್ಲಿ ಯಾಂತ್ರಿಕ ತಿದ್ದುಪಡಿಗಳಿಗೆ ಬಳಸುವ ಪೈವಿಕಿಬಾಟ್ ಕೂಡ ಪೈಥಾನ್ 2ರ ಬೆಂಬಲವನ್ನು ನಿಲ್ಲಿಸಿದೆ. ಕನ್ನಡ ಪದಗಳ ಮುಂದೆ ಯೂನಿಕೋಡ್ ಸೂಚಕ ಅಕ್ಷರವೊಂದನ್ನು ಮರೆಯದೆ ಸೇರಿಸಬೇಕಾಗಿದ್ದ ಹಳೆಯ ಬಾಟ್‌ಗಳ ಕಾಲ ಅದರೊಂದಿಗೆ ಮುಗಿಯಿತು. ಮುಂಬಯಿಯಲ್ಲಿ ರೂಪುಗೊಂಡ ಫ್ರಾಪ್ಪೆ ಚೌಕಟ್ಟಿನ 14ನೇ ಆವೃತ್ತಿಗೆ ಪೈಥಾನ್ 3.10 ಬೇಕು.